ಗಟಾರ ನೀರಾಗ ಪಾಚಿ ಬೆಳೆದು ಡೀಸೆಲ್ ತಗಿಬಹುದೇನ್ರಿ? 2 ಎಕರೆ ಸವಳು ಹೊಲ ಐತಿ, ಏಜೆಂಟ್ ಬಂದು ಹೋಗ್ಯಾನ

ಸವಳುಹೊಲ_ಮುಧೋಳ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರು ಮುಧೋಳ ತಾಲೂಕಿನಾಗ ಬರ್ತೈತಿ, ಘಟಪ್ರಭಾ ಹೊಳಿಗೆ ಹತ್ರ. ಅಜಮಾಸ 3000 ಮಂದಿ ಇರೋ ಊರು. ಮನಿಮನಿಗೆ ನಳ ಬಂದ ಮ್ಯಾಲ ಬಚ್ಚಲ ನೀರು ಭಾಳ ಜಾಸ್ತಿ ಆಗೇತಿ, ಎಲ್ಲಾ ಗಟಾರ ಕೂಡಿ ನಮ್ಮ ಹೊಲದ ಬದುವಿಗೆ ಬಂದು ನಿಲ್ತಾವ. ಅಲ್ಲಿ 2 ಎಕರೆ ತಗ್ಗು, ಮೊದಲ ಸವಳು-ಜವಳು ಹಿಡದ ಭೂಮಿ, ಕಬ್ಬು ಹಚ್ಚಿದ್ರ ಎದಿ ಮಟ್ಟ ಬಂದು ಹಳದಿ ಆಗಿ ನಿಂತು ಬಿಡ್ತೈತಿ, ಈಗಂತೂ ವಾಸನಿಗೆ ಆಳು ಬರಾಕ ಒಲ್ಲೆ ಅಂತಾರ.

ಹೋದ ವಾರ ಒಬ್ಬ ಏಜೆಂಟ್ ಬಂದಿದ್ದ. ಈ ನೀರಾಗ ಮೈಕ್ರೊ ಆಲ್ಗಿ ಅಂದ್ರ ಸಣ್ಣ ಪಾಚಿ ಬೆಳಸ್ರಿ, ಅದರಾಗ ಎಣ್ಣಿ ಇರ್ತೈತಿ, ಎಣ್ಣಿಲಿಂದ ಬಯೋಡೀಸೆಲ್ ಆಗ್ತೈತಿ, ನೀವು 18 ಲಕ್ಷ ಹಾಕಿದ್ರ ನಾವ ಹೊಂಡ ತೋಡಿ ಬೀಜದ ಪಾಚಿ ಕೊಟ್ಟು ಎಣ್ಣಿನೂ ನಾವ ಖರೀದಿ ಮಾಡ್ತೀವಿ, ಮ್ಯಾಲ ಗಾಳ್ಯಾಗಿನ ಕಾರ್ಬನ್ ಹಿಡದಿದ್ದಕ್ಕ ಕಾರ್ಬನ್ ಕ್ರೆಡಿಟ್ ರೊಕ್ಕ ಬ್ಯಾರೆ ಬರ್ತೈತಿ ಅಂತ ಹೇಳಿ ಮೊಬೈಲ್‌ನಾಗ ಹಸರು ಗಾಜಿನ ಪೈಪ್ ಸಾಲು ಸಾಲು ಇರೋ ವಿಡಿಯೋ ತೋರಿಸಿದ. ಅಪ್ಪಾಗ ಭಾಳ ಮನಸಾಗೇತಿ. ಇರೋ ಒಳ್ಳೆ ಹೊಲದ ಮ್ಯಾಲ ಸಾಲ ತಗೊಂಡು ಹಾಕೋಣು ಅನ್ನಾಕತ್ತಾನ. ಪಾಚಿ ಬೆಳಿಯೋದು ಸುಳ್ಳಲ್ಲ, ನಮ್ಮ ಬಾಂವ್ಯಾಗ ಬ್ಯಾಡ ಅಂದ್ರೂ ಬೆಳೀತೈತಿ. ಆದ್ರ ಎಣ್ಣಿ ಲೆಕ್ಕ ಖರೇನ? ಇದರಾಗ ಕೆಲಸ ಮಾಡಿದವರು ಯಾರರ ಇದ್ರ ಬಿಡಿಸಿ ಹೇಳ್ರಿ, ಮುಂದಿನ ಸೋಮವಾರ ಮುಂಗಡ ಕೊಡಬೇಕಂತ.

ಹಸಿರುಟಬ್_ಬೆಳಗಾವಿ:

ಸೋಮವಾರ ರೊಕ್ಕ ಕೊಡಬ್ಯಾಡ್ರಿ. ಮೊದಲ ಅದನ್ನ ಹೇಳಿ ಮುಂದಿಂದು ಬರೀತೀನಿ.

ನಾನು ಬೆಳಗಾವಿಯಾಗ ಎಂಎಸ್ಸಿ ಮಾಡುವಾಗ ನನ್ನ ಪ್ರಾಜೆಕ್ಟ್ ಇದ ಇತ್ತು. ಬಳ್ಳಾರಿ ನಾಲಾದ ನೀರು ಕ್ಯಾನಿನಾಗ ತುಂಬಿ ಸ್ಕೂಟಿ ಮ್ಯಾಲ ತಂದು, ಟೆರೇಸಿನಾಗ 20 ಲೀಟರಿನ ಬಿಳಿ ಟಬ್ ಇಟ್ಟು ಕ್ಲೋರೆಲ್ಲಾ ಅನ್ನೋ ಪಾಚಿ ಬಿಟ್ಟಿದ್ದೆ. ಮೊದಲನೇ ದಿನ ಬೂದಿ ಬಣ್ಣದ ನೀರು, ಹತ್ರ ಕುಂದ್ರಾಕ ಆಗದಷ್ಟು ನಾತ. ಮೂರನೇ ದಿನ ಹೆಸರುಕಾಳು ನೆನಸಿದ ನೀರಿನಂಗ ತೆಳು ಹಸರು. ಆರನೇ ದಿನಕ್ಕ ಕೈ ಮುಳುಗಿಸಿದ್ರ ಮಣಿಕಟ್ಟಿನ ಆಳಕ್ಕ ಬೆರಳು ಕಾಣತಿರಲಿಲ್ಲ, ಅಷ್ಟು ದಟ್ಟ, ಮತ್ತ ನಾತ ಪೂರ್ತಿ ಹೋಗಿ ಹಸಿ ಹುಲ್ಲಿನ ವಾಸನಿ ಬರ್ತಿತ್ತು. ನನಗ ಅವತ್ತು ಆಗಿದ್ದ ಖುಷಿ ಇನ್ನೂ ನೆನಪೈತಿ. ಗಟಾರ ನೀರನ್ನ ಬರೀ ಬಿಸಿಲು ಹಿಂಗ ಮಾಡ್ತೈತಲ್ಲ ಅಂತ.

ತಾಪತ್ರಯ ಶುರು ಆಗಿದ್ದು ಅದನ್ನ ನೀರಿನಿಂದ ತಗಿಯೋದ್ರಾಗ. ಬಿಳಿ ಪಂಜಿ ನಾಲ್ಕು ಮಡಿಕಿ ಮಾಡಿ ಸೋಸಿದೆ, ಹಸರು ನೀರು ಹಸರಾಗೇ ಕೆಳಗ ಇಳೀತು, ಅರಿವಿಗೆ ಬರೀ ತೆಳು ಕಲೆ. ಯಾಕಂದ್ರ ಒಂದೊಂದು ಕಣ 2 ರಿಂದ 10 ಮೈಕ್ರಾನ್ ಅಷ್ಟ, ಅರಿವಿ ತೂತು ಅದಕ್ಕ ಅಗಸಿ ಬಾಗಲಾ ಇದ್ದಂಗ. ರಾತ್ರಿಯೆಲ್ಲಾ ಬಿಟ್ಟೆ, ತಳಕ್ಕ ಕುಂದ್ರಲಿಲ್ಲ, ಎಲ್ಲಾ ಕಣದ ಮ್ಯಾಲ ಒಂದ ಥರದ ಕರೆಂಟ್ ಚಾರ್ಜ್ ಇರ್ತೈತಿ, ಒಂದನ್ನೊಂದು ದೂಕ್ತಿರ್ತಾವ. ಕಡಿಗೆ ಪಟಕ (ಆಲಂ) ಹಾಕಿದೆ, ಹಾಲು ಒಡದಂಗ ಗಂಟು ಗಂಟಾಗಿ ಅರ್ಧ ತಾಸಿನಾಗ ಕೆಳಗ ಕುಂತು ಮ್ಯಾಲ ತಿಳಿ ನೀರು ಬಂತು. ಆ ಗಸಿ ತಗದು ತಟ್ಟ್ಯಾಗ ಒಣಗಿಸಿದೆ. 20 ಲೀಟರಿಗೆ ಸಿಕ್ಕಿದ್ದು 10 ಗ್ರಾಮ್ ಪುಡಿ. ಎರಡು ಚಮಚ. ಅದರಾಗ ಸಾಲ್ವೆಂಟ್ ಹಾಕಿ ಎಣ್ಣಿ ತಗದ್ರ ಒಂದೂವರಿ ಗ್ರಾಮ್, ಫ್ಲಾಸ್ಕಿನ ತಳಕ್ಕ ಹಚ್ಚಿದಂಗ ಇತ್ತು, ಸುರುವಾಕ ಬರ್ತಿರಲಿಲ್ಲ.

ಈಗ ಇದನ್ನ ಏಜೆಂಟ್ ಹೇಳಿರಂಗಿಲ್ಲ. ಪಾಚಿಗೆ ಎಣ್ಣಿ ಅಂದ್ರ ಬರಗಾಲದ ಬುತ್ತಿ. ನೈಟ್ರೋಜನ್ ಸಿಗದೇ ಹೋದಾಗ ಮಾತ್ರ ಅದು ಬೆಳಿಯೋದು ನಿಲ್ಲಿಸಿ ಎಣ್ಣಿ ಕೂಡಿ ಹಾಕಾಕ ಹತ್ತತೈತಿ. ಲ್ಯಾಬಿನಾಗ 40, 50 ಪರ್ಸೆಂಟ್ ಎಣ್ಣಿ ಬಂತು ಅಂತ ಹೇಳೋದೆಲ್ಲಾ ಹಂಗ ಉಪವಾಸ ಕೆಡವಿದ ಪಾಚ್ಯಾಗ. ಗಟಾರ ನೀರು ಅಂದ್ರ ಅದಕ್ಕ ಹೋಳಿಗಿ ಊಟ, ನೈಟ್ರೋಜನ್ ಫಾಸ್ಫರಸ್ ಎರಡೂ ತುಂಬಿರ್ತಾವ, ಹಿಂಗಾಗಿ ಜಿಗಿ ಜಿಗಿ ಬೆಳೀತೈತಿ ಖರೆ, ಎಣ್ಣಿ ಮಾತ್ರ 15, ಭಾಳ ಆದ್ರ 20 ಪರ್ಸೆಂಟ್. ನೀರು ಸ್ವಚ್ಛ ಆಗಬೇಕು ಅನ್ನೋದೂ ಎಣ್ಣಿ ಭಾಳ ಬರಬೇಕು ಅನ್ನೋದೂ ಒಂದ ಹೊಂಡದಾಗ ಒಟ್ಟಿಗೆ ನಡಿಯಂಗಿಲ್ಲ.

ನಿಮ್ಮೂರ ಲೆಕ್ಕ ಹಾಕಿ ನೋಡೋಣು. ಜಲಜೀವನ ಯೋಜನ್ಯಾಗ ತಲಿಗೆ ದಿನಕ್ಕ 55 ಲೀಟರ್ ಅಂತ ಐತಿ, 3000 ಮಂದಿಗೆ 1,65,000 ಲೀಟರ್, ಅದರಾಗ 70 ಪರ್ಸೆಂಟ್ ಗಟಾರಕ್ಕ ಬಂದ್ರ ಸುಮಾರು 1,15,000 ಲೀಟರ್. ಲೀಟರಿಗೆ 40 ಮಿಲಿಗ್ರಾಮ್ ನೈಟ್ರೋಜನ್ ಅಂತ ದೊಡ್ಡ ಮನಸು ಮಾಡಿ ಹಿಡೀರಿ (ಸಂಡಾಸದ ನೀರು ಗುಂಡಿಗೆ ಹೋಗ್ತಿದ್ರ ಇಷ್ಟೂ ಇರಂಗಿಲ್ಲ), ದಿನಕ್ಕ ನಾಲ್ಕೂವರಿ ಕೆಜಿ ಆತು. ಒಣ ಪಾಚ್ಯಾಗ 7 ಪರ್ಸೆಂಟ್ ನೈಟ್ರೋಜನ್ ಇರ್ತೈತಿ, ಅಂದ್ರ ಎಲ್ಲಾ ಪೂರ್ತಿ ಹೀರಿದ್ರೂ 60-65 ಕೆಜಿ ಪಾಚಿ. ಜಾಗದ ಕಡಿಂದ ಲೆಕ್ಕ ಹಾಕಿದ್ರೂ ಅಲ್ಲೇ ಬಂದು ನಿಲ್ತೈತಿ, ಬಯಲು ಹೊಂಡದಾಗ ಚದರ ಮೀಟರಿಗೆ ದಿನಕ್ಕ 15 ಗ್ರಾಮ್ ಬಂದ್ರ ಛಲೋ ಇಳುವರಿ, 1 ಎಕರೆಗೆ 60 ಕೆಜಿ. ಎಣ್ಣಿ 15 ಪರ್ಸೆಂಟ್ ಅಂದ್ರ 9 ಕೆಜಿ, ಹೆಚ್ಚು ಕಡಿಮಿ 10 ಲೀಟರ್. ಎಲ್ಲಾ ಸರಿ ನಡದ ದಿನ 1 ಎಕರೆಗೆ 10 ಲೀಟರ್. ಆ 10 ಲೀಟರ್ ಸಲುವಾಗಿ ಲಕ್ಷ ಲೀಟರ್ ನೀರು ಸೋಸಬೇಕು, ಆ ಗಸಿ ಒಣಗಿಸಬೇಕು, ಎಣ್ಣಿ ಹಿಂಡಬೇಕು. ಕರೆಂಟ್ ಬಿಲ್ ಎಣ್ಣಿಗಿಂತ ತುಟ್ಟಿ ಆಗ್ತೈತಿ.

ಕಾಕಂಬಿ_ಕಡಿಯಾವ:

ಮ್ಯಾಲ ಹೇಳಿದ್ದು ಒಂದೊಂದು ಅಕ್ಷರ ಖರೆ ಐತಿ. ನಾ ಒಂದು ಡಿಸ್ಟಿಲರಿಯೊಳಗ ನೀರು ಶುದ್ಧೀಕರಣ ವಿಭಾಗದಾಗ 14 ವರ್ಷದಿಂದ ಅದೀನಿ, ಫ್ಯಾಕ್ಟರಿ ಹೆಸರು ಬ್ಯಾಡ. ನಮ್ಮಲ್ಲೂ ಒಮ್ಮೆ ಇದರ ಪ್ರಯೋಗ ನಡೀತು, ಸ್ಪಿರಿಟ್ ತಗದ ಮ್ಯಾಲ ಉಳಿಯೋ ಹೊಲಸು ನೀರಾಗ, ಅಂದ್ರ ನಮ್ಮ ಸ್ಪೆಂಟ್‌ವಾಶ್‌ನಾಗ ಪಾಚಿ ಬೆಳಸ್ತೀವಿ ಅಂತ ಒಬ್ಬರು ಬಂದಿದ್ರು. ಕಾಕಂಬಿಲಿಂದ 1 ಲೀಟರ್ ಸ್ಪಿರಿಟ್ ತಗದ್ರ 8 ರಿಂದ 15 ಲೀಟರ್ ಸ್ಪೆಂಟ್‌ವಾಶ್ ಬರ್ತೈತಿ, ಚಾದ ಡಿಕಾಕ್ಷನ್‌ಗಿಂತ ಕರ್ರಗ, ಸಿಓಡಿ (ನೀರಾಗ ಎಷ್ಟು ಹೊಲಸು ಐತಿ ಅನ್ನೋ ಅಳತಿ) ಲೀಟರಿಗೆ ಲಕ್ಷ ಮಿಲಿಗ್ರಾಮ್ ಹತ್ರ ಇರ್ತೈತಿ. ಆ ಬಣ್ಣ ಮೆಲನೋಯಿಡಿನ್ ಅಂತ, ಬಯೋಗ್ಯಾಸ್ ತಗದ ಮ್ಯಾಲೂ ಹೋಗಂಗಿಲ್ಲ. ಎರಡು ಬೆರಳು ಆಳಕ್ಕ ಬಿಸಿಲು ಇಳಿಯಂಗಿಲ್ಲ ಅಂದ್ರ ಪಾಚಿ ಹೆಂಗ ಬದುಕೀತು? 10 ಪಟ್ಟು 20 ಪಟ್ಟು ಒಳ್ಳೆ ನೀರು ಕೂಡಿಸಿದಾಗ ಹಸರಾತು, ಬ್ಯಾಸಿಗ್ಯಾಗ ಕುಡ್ಯಾಕ ನೀರಿಲ್ಲದ ಕಡೆ ಅಷ್ಟು ನೀರು ಎಲ್ಲಿಂದ ತರೋದ್ರಿ. ಈಗ ಆ ಸ್ಪೆಂಟ್‌ವಾಶ್ ಆರಿಸಿ ಗಟ್ಟಿ ಮಾಡಿ ಬಾಯ್ಲರ್‌ನಾಗ ಸುಡ್ತೀವಿ.

ಕಾರ್ಬನ್ ಹಿಡಿಯೋ ಮಾತು ಬ್ಯಾರೆ ಐತಿ, ಅದನ್ನ ಯಾರೂ ಸರಿಯಾಗಿ ಹೇಳಂಗಿಲ್ಲ. 1 ಕೆಜಿ ಒಣ ಪಾಚಿ ಬೆಳಿಬೇಕಂದ್ರ 1.8 ಕೆಜಿ ಕಾರ್ಬನ್ ಡೈಆಕ್ಸೈಡ್ ತಿನ್ನತೈತಿ, ಇದು ಖರೆ ಲೆಕ್ಕ. ನಿಮ್ಮ 60 ಕೆಜಿಗೆ 108 ಕೆಜಿ. ವರ್ಷಕ್ಕ 300 ದಿನ ನಡದ್ರ 32 ಟನ್. ಆದ್ರ ಅದರ ಎಣ್ಣಿ ತಗದು ಟ್ರ್ಯಾಕ್ಟರಿಗೆ ಹಾಕಿ ಓಡಿಸಿದ ದಿನ ಆ ಎಣ್ಣ್ಯಾಗಿನ ಕಾರ್ಬನ್ ಎಲ್ಲಾ ಹೊಗಿ ಆಗಿ ವಾಪಸ್ ಗಾಳಿಗೆ ಹೋತು, ಉಳದ ಹಿಂಡಿ ಕೊಳತರೂ ಹೋತು. ಹಿಡದಿದ್ದು ಎಲ್ಲಿ ಉಳೀತು? ನೆಲದಾಗಿನ ಡೀಸೆಲ್ ಅಷ್ಟು ಸುಡೋದು ತಪ್ಪತು, ಫಾಯ್ದೆ ಅಂದ್ರ ಅದೊಂದ. ಟನ್‌ಗೆ 500 ರೂಪಾಯಿ ಸಿಕ್ತೈತಿ ಅಂತ ಹಿಡದ್ರೂ 32 ಟನ್‌ಗೆ 16,000, ಆ ಕ್ರೆಡಿಟ್ ಬರಬೇಕಂದ್ರ ಅಳತಿ, ತಪಾಸಣಿ, ಕಾಗದಪತ್ರ ಅಂತ ಮಾಡಾಕ ಅದಕ್ಕಿಂತ ಹೆಚ್ಚು ರೊಕ್ಕ ಹೋಗ್ತೈತಿ. 1 ಎಕರೆ ರೈತಗ ಅದು ಕೈಗೆ ಸಿಗೋ ಮಾತಲ್ಲ.

ಅಮೆರಿಕಾದಾಗ ಸರ್ಕಾರನ 1978 ರಿಂದ 1996 ತನಕ ಇದರ ಮ್ಯಾಲ ಕೆಲಸ ಮಾಡಿ, ರಾಸ್‌ವೆಲ್ ಅನ್ನೋ ಊರಾಗ 1000 ಚದರ ಮೀಟರಿನ ಹೊಂಡ ನಡಿಸಿ, ಕಡಿಗೆ ಪೆಟ್ರೋಲಿಯಂ ಡೀಸೆಲ್ ದರಕ್ಕ ಇದು ಬರಂಗಿಲ್ಲ ಅಂತ ಬರದು ಮುಚ್ಚಿದ್ರು. ಎಕ್ಸಾನ್‌ಮೊಬಿಲ್ ಅಂಥ ಕಂಪನಿ 2009ರಾಗ ಪಾಚಿ ಎಣ್ಣಿಗೆ ಕೈ ಹಾಕಿ 2023ಕ್ಕ ಬಿಟ್ಟಿತು. ಅವರ ಕಡೆ ಆಗದ್ದು 18 ಲಕ್ಷದಾಗ ನಿಮ್ಮ ಬದುವಿನ ಮ್ಯಾಲ ಆಗ್ತೈತಿ ಅನ್ನೋ ಮನಷ್ಯಾನ್ನ ನಂಬಬ್ಯಾಡ್ರಿ.

ಡೋಣಿಸಾಲು_ಬಿಜಾಪುರ:

ನಡಕ ಬಂದಿದ್ದಕ್ಕ ತಪ್ಪು ತಿಳಕೋಬ್ಯಾಡ್ರಿ, ನಮ್ಮ ಕಡೆ ಕೂಡಗಿ ಥರ್ಮಲ್ ಐತಲ್ಲ, ಅದರ ಹೊಗಿ ಪೈಪಿಗೆ ಹಚ್ಚಿ ಪಾಚಿ ಹೊಂಡದಾಗ ಬಿಟ್ರ? ಅಲ್ಲಿ ಕಾರ್ಬನ್‌ಗೆ ಏನ ಕಮ್ಮಿ ಇಲ್ಲ, ವಿಜಯಪುರ ಊರ ಗಟಾರ ನೀರೂ ಐತಿ. ನಮ್ಮ ಹುಡುಗ ಶಾಲಿ ಪ್ರಾಜೆಕ್ಟಿಗೆ ಇದನ್ನ ಬರದಿದ್ದ, ಅದಕ್ಕ ಕೇಳಿದೆ.

ಕಾಕಂಬಿ_ಕಡಿಯಾವ:

ಹುಡುಗ ಛಲೋ ವಿಚಾರ ಮಾಡ್ಯಾನ್ರಿ, ಅವಗ ಈ ಲೆಕ್ಕ ತೋರಸ್ರಿ. ಕೂಡಗಿಯೊಳಗ 800 ಮೆಗಾವ್ಯಾಟಿನ 3 ಘಟಕ, ಒಟ್ಟು 2400. ಕಲ್ಲಿದ್ದಲಿನ 1 ಯೂನಿಟ್ ಕರೆಂಟಿಗೆ ಸುಮಾರು 0.9 ಕೆಜಿ ಕಾರ್ಬನ್ ಡೈಆಕ್ಸೈಡ್. ಮೂರೂ ಪೂರ್ತಿ ನಡದ್ರ ದಿನಕ್ಕ 50 ಸಾವಿರ ಟನ್ ಆಗ್ತೈತಿ. 1 ಎಕರೆ ಪಾಚಿ ತಿನ್ನೋದು 108 ಕೆಜಿ. ಭಾಗಿಸಿ ನೋಡಿದ್ರ ನಾಲ್ಕೂವರಿ ಲಕ್ಷ ಎಕರೆ ಮಿಕ್ಕಿ ಹೊಂಡ ಬೇಕು. ಮ್ಯಾಲ ರಾತ್ರಿ ಪಾಚಿ ಕಾರ್ಬನ್ ತಿನ್ನಂಗಿಲ್ಲ, ಚಿಮಣಿ ಮಾತ್ರ ರಾತ್ರಿನೂ ನಡೀತೈತಿ. ಹೊಗ್ಯಾಗಿನ ಗಂಧಕ ನೀರಿಗೆ ಇಳದ್ರ ನೀರು ಹುಳಿ ಆಗೋದು ಬ್ಯಾರೆ.

ಪಾಚಿಗೆ ಕಾರ್ಬನ್ ಕೊಡಬೇಕಂದ್ರ ನಮ್ಮ ಭಾಗದಾಗ ಅದಕ್ಕಿಂತ ಛಲೋ ಜಾಗ ಡಿಸ್ಟಿಲರಿ. ಹುಳಿ ಬರಿಸೋ ಟ್ಯಾಂಕಿನಾಗ 1 ಲೀಟರ್ ಎಥನಾಲ್ ಆಗುವಾಗ ಮುಕ್ಕಾಲು ಕೆಜಿ ಕಾರ್ಬನ್ ಡೈಆಕ್ಸೈಡ್ ಮ್ಯಾಲ ಬರ್ತೈತಿ, ಅದೂ ಹೊಗಿ ಮಸಿ ಏನೂ ಇಲ್ಲದ ಶುದ್ಧ ಗ್ಯಾಸ್. ದಿನಕ್ಕ 60 ಸಾವಿರ ಲೀಟರಿನ ಪ್ಲಾಂಟಿಗೆ 45 ಟನ್. ಕೆಲವು ಕಡೆ ಅದನ್ನ ಹಿಡದು ಸೋಡಾ ಕಂಪನಿಗೆ, ಡ್ರೈ ಐಸಿಗೆ ಮಾರ್ತಾರ, ಉಳದ ಕಡೆ ಸುಮ್ಮನ ಗಾಳಿಗೆ ಬಿಡ್ತಾರ. ಅದನ್ನ ನೋಡಿದಾಗೆಲ್ಲಾ ನನಗ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಮಗ್ಗದಮನಿ_ಬನಹಟ್ಟಿ:

ಮುಧೋಳದ ಅಣ್ಣಾರ ನೀರು ಬರೀ ಬಚ್ಚಲ ನೀರಾ, ಇಲ್ಲಾ ಯಾರರ ಬಣ್ಣದ ನೀರು, ಆಲೆಮನಿ ನೀರು, ಗ್ಯಾರೇಜ್ ಎಣ್ಣಿ ಬಿಡ್ತಾರಾ ಅದನ್ನ ಮೊದಲ ನೋಡ್ಕೊಳ್ರಿ. ನಮ್ಮ ಕಡೆ ನೂಲಿಗೆ ಬಣ್ಣ ಹಾಕಿದ ನೀರು ಗಟಾರಕ್ಕ ಬಂದ ದಿನ ಗಟಾರದಾಗಿನ ಹಸರೆಲ್ಲಾ ಎರಡ ದಿನಕ್ಕ ಕಂದು ಆಗಿ ಸಾಯ್ತೈತಿ, ನಾ ಕಣ್ಣಾರೆ ನೋಡೇನಿ. ಉಪ್ಪೂ ಇರ್ತೈತಿ ಅದರಾಗ, ಸವಳು ಭೂಮಿಗೆ ಮತ್ತ ಉಪ್ಪು ಸೇರಿಸಿದಂಗ.

ಸವಳುಹೊಲ_ಮುಧೋಳ:

ಎಲ್ಲಾರೂ ಇಷ್ಟು ಬರದೀರಿ, ಅಪ್ಪಾಗ ಕುಂದ್ರಿಸಿ ಓದಿ ತೋರಿಸಿದೆ. 10 ಲೀಟರ್ ಅಂದ ಕೂಡಲೇ ಸುಮ್ಮನಾದ, ಎರಡು ಸರ್ತಿ ಓದಿಸಿ ಕೇಳಿದ. ಏಜೆಂಟಗ ಫೋನ್ ಹಚ್ಚಿ ಪಾಚಿ ನೀರಿನಿಂದ ಹೆಂಗ ತಗೀತೀರಿ, ನಡಿಯೋ ಹೊಂಡ ಎಲ್ಲೈತಿ ಹೋಗಿ ನೋಡಿ ಬರ್ತೀವಿ ಅಂದ್ರ, ಮಷಿನ್ ಬರೋದೈತಿ, ಮೊದಲ ಮುಂಗಡ ಕೊಟ್ಟು ಜಾಗ ಹಿಡೀರಿ ಅಂದ. ಕೊಡಂಗಿಲ್ಲ ಅಂತ ಹೇಳೀವಿ. ನೀರು ಬರೀ ಬಚ್ಚಲದ್ದ ಅದ, ಮ್ಯಾಲ ಒಂದು ಆಲೆಮನಿ ಐತಿ, ಕಬ್ಬಿನ ಸೀಸನ್‌ನಾಗ ಅಷ್ಟ.

ಆದ್ರ ನೀರಂತೂ ನಿಂತ ಐತ್ರಿ. ಸೊಳ್ಳಿ, ನಾತ, ಬಾಜೂಕ ದನ ಕಟ್ಟಾಕ ಆಗವಲ್ದು. ಎಣ್ಣಿ ಬ್ಯಾಡ, ಕಾರ್ಬನ್ ಬ್ಯಾಡ, ಆ ಟಬ್ಬಿನಾಗ ನಾತ ಹೋಗಿ ಹಸಿ ಹುಲ್ಲಿನ ವಾಸನಿ ಬಂತು ಅಂದ್ರೆಲ್ಲ, ಅಷ್ಟ ಆದ್ರೂ ನಮಗ ಸಾಕು. ಅದಕ್ಕ ಎಷ್ಟು ಜಾಗ ಬೇಕು, ಹೊಂಡ ಹೆಂಗ ಇರಬೇಕು?

ಹಸಿರುಟಬ್_ಬೆಳಗಾವಿ:

ಈ ಪ್ರಶ್ನೆ ಕೇಳಿದ್ದಕ್ಕ ನನಗ ಭಾಳ ಸಂತೋಷ ಆತು, ಪಾಚಿ ಕೈಲಾಗೋ ಕೆಲಸ ಇದ. ಊರ ನೀರಿನ ದೊಡ್ಡ ಪ್ಲಾಂಟಿನಾಗ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಹೋಗೋದು ನೀರಿಗೆ ಗಾಳಿ ಊದೋ ಬ್ಲೋವರ್‌ಗೆ. ಪಾಚಿ ಹೊಂಡದಾಗ ಆ ಕೆಲಸ ಬಿಸಿಲು ಮಾಡ್ತೈತಿ, ಪಾಚಿ ಆಕ್ಸಿಜನ್ ಬಿಡ್ತೈತಿ, ಅದನ್ನ ಉಂಡು ಬ್ಯಾಕ್ಟೀರಿಯಾ ಹೊಲಸು ಒಡೀತಾವ, ಅವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಪಾಚಿ ತಿನ್ನತೈತಿ. ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ 1950ರ ದಶಕದಾಗ ಇದನ್ನ ಹೊಂಡ ಕಟ್ಟಿ ತೋರಿಸಿದ್ರು, ಅವರೂ ಶುರು ಮಾಡಿದ್ದು ಗಟಾರ ನೀರು ಸ್ವಚ್ಛ ಮಾಡಾಕ.

ನಿಮಗ ಮೊದಲ ಒಂದು ಸಣ್ಣ ಆಳದ ಗುಂಡಿ ಬೇಕು, ಬೂದಿ, ಮಣ್ಣು, ಜಿಡ್ಡು ಅಲ್ಲೇ ನಿಲ್ಲಬೇಕು, ಜಿಡ್ಡು ಮುಂದ ಹೋದ್ರ ನೀರ ಮ್ಯಾಲ ಪದರ ಕಟ್ಟತೈತಿ. ಆಮ್ಯಾಲ ಪಾಚಿ ಹೊಂಡ, ಇದು 30 ಸೆಂಟಿಮೀಟರಿಗಿಂತ ಆಳ ಬ್ಯಾಡ, ಮೊಳಕಾಲು ಮುಳುಗಬಾರದು, ಆಳ ಆದ್ರ ತಳಕ್ಕ ಬಿಸಿಲು ಮುಟ್ಟಂಗಿಲ್ಲ. ನೀರು 5 ದಿನ ಅದರಾಗ ಇರಬೇಕಂದ್ರ 1,15,000 ಲೀಟರಿಗೆ ಸುಮಾರು ಅರ್ಧ ಎಕರೆ ಸಾಕು. ನಡಕ ಒಂದು ಗೋಡಿ ಹಾಕಿ ಬಂಡಿ ಗಾಲಿ ಹಾದಿಯಂಗ ಸುತ್ತು ಮಾಡಿ, ಒಂದು ಕಡೆ ಹಲಗಿ ಚಕ್ರ ಸಾವಕಾಶ ತಿರಗಿಸಿದ್ರ ಇನ್ನೂ ಛಲೋ, ಸೆಕೆಂಡಿಗೆ ಒಂದು ಗೇಣು ನೀರು ಸರದ್ರ ಬೇಕಾದಷ್ಟಾತು. ನಿಮ್ಮದು ಜವಳು ಭೂಮಿ, ಹೊಂಡದ ತಳಕ್ಕ ಶೀಟ್ ಹಾಕಲೇಬೇಕು, ಇಲ್ಲಂದ್ರ ನೀರು ಕೆಳಗಿಳದು ಬಾಜೂದ ಹೊಲಾನೂ ಕೆಡ್ತೈತಿ. ಕಡಿಗೆ ಇನ್ನೊಂದು ನೆರಳಿನ ಆಳದ ಗುಂಡಿ, ಅಲ್ಲಿ ಪಾಚಿ ಅಷ್ಟಿಷ್ಟು ಕುಂದರ್ತೈತಿ.

ಬೀಜದ ಪಾಚಿ ಕೊಳ್ಳೋದು ಬ್ಯಾಡ. ನಿಮ್ಮ ಗಟಾರದಾಗ ಬೆಳದಿದ್ದ ನಿಮ್ಮ ನೀರಿಗೆ ಹೊಂದಿದ್ದು. ನಾ ಲ್ಯಾಬಿಂದ ತಂದು ಬಿಟ್ಟ ಕ್ಲೋರೆಲ್ಲಾ ಎರಡು ತಿಂಗಳಿಗೆ ಕಾಣದಂಗಾಗಿ ಅದರ ಜಾಗದಾಗ ನಾಲ್ಕು ನಾಲ್ಕು ಕಣ ಸಾಲಾಗಿ ಜೋಡಿಸಿದಂಗ ಇರೋ ಸೆನೆಡೆಸ್ಮಸ್ ತಾನ ಬಂದು ಕುಂತಿತ್ತು, ಮೈಕ್ರೋಸ್ಕೋಪಿನಾಗ ನೋಡಿದಾಗ ಗೊತ್ತಾತು.

ಎರಡು ಎಚ್ಚರ ಇರ್ಲಿ. ಒಂದು, ನೀರಚಿಗಟ, ರೋಟಿಫರ್ ಅನ್ನೋ ಸಣ್ಣ ಹುಳ ಬಿದ್ರ ಎರಡು ಮೂರು ದಿನದಾಗ ಹೊಂಡ ತಿಂದು ಖಾಲಿ ಮಾಡ್ತಾವ, ಹಸರು ನೀರು ಒಮ್ಮೆಲೆ ಚಾ ಬಣ್ಣಕ್ಕ ತಿರುಗತೈತಿ. ನನ್ನ ನಾಲ್ಕು ಟಬ್ಬಿನಾಗ ಎರಡು ಹಂಗ ಹೋದವು, ಬೆಳಿಗ್ಗೆ ಎದ್ದು ನೋಡಿದ್ರ ಬಿಳಿ ಚುಕ್ಕಿ ಜಿಗಿದಾಡ್ತಿದ್ವು. ಹಂಗಾಗಿ ಒಂದ ದೊಡ್ಡ ಹೊಂಡಕ್ಕಿಂತ ಎರಡು ಸಣ್ಣವು ಛಲೋ. ಇನ್ನೊಂದು, ಈ ನೀರು ಮತ್ತ ಈ ಪಾಚಿ ಕಾಯಿಪಲ್ಯಕ್ಕೂ ಬ್ಯಾಡ, ಅಜೋಲಾ ತಿನಿಸಿದಂಗ ದನಕ್ಕ ತಿನಸೋದೂ ಬ್ಯಾಡ, ಪಟಕ ಹಾಕಿದ್ದಂತೂ ಮುಟ್ಟಿಸಬ್ಯಾಡ್ರಿ. ನೇಪಿಯರ್ ಹುಲ್ಲಿಗೆ, ಮರಗಳಿಗೆ ಬಿಡ್ರಿ, ನೀರಾಗಿನ ಪಾಚಿ ಹೊಲದಾಗ ಗೊಬ್ಬರ ಆಗ್ತೈತಿ, ತಗಿಯೋ ಖರ್ಚ ಉಳೀತು.

ಕಾಕಂಬಿ_ಕಡಿಯಾವ:

ಬ್ಯಾಸಿಗ್ಯಾಗ ಆರೋ ನೀರೂ ಲೆಕ್ಕ ಹಿಡೀರಿ. ಅರ್ಧ ಎಕರೆ ಅಂದ್ರ 2000 ಚದರ ಮೀಟರ್, ದಿನಕ್ಕ 8 ಮಿಲಿಮೀಟರ್ ಆರಿದ್ರ 16,000 ಲೀಟರ್ ಹೋತು, ಉಳದ ನೀರಾಗ ಉಪ್ಪು ಅಷ್ಟು ಗಟ್ಟಿ ಆಗ್ತೈತಿ. ಹುಲ್ಲಿಗೆ ಬಿಡುವಾಗ ಇಸಿ ಅಂದ್ರ ನೀರಾಗಿನ ಉಪ್ಪಿನ ಅಳತಿ ನೋಡಿ ಬಿಡ್ರಿ. ಮತ್ತ ಇದು ನಿಮ್ಮೊಬ್ಬರ ಕೆಲಸ ಅಲ್ಲ, ಊರ ನೀರು, ಪಂಚಾಯತಿಯವರನ್ನ ಕರದು ಜಾಗ ತೋರಸ್ರಿ, ಬೂದು ನೀರಿನ, ಅಂದ್ರ ಬಚ್ಚಲ ನೀರಿನ ಕಾಮಗಾರಿ ಈಗ ಯಾವ ಸರ್ಕಾರಿ ಯೋಜನ್ಯಾಗ ಬರ್ತಾವ ಕೇಳ್ರಿ. ಜಾಗ ನಿಮ್ಮದು, ಹೊಂಡ ಅವರದು, ನೀರು ನಿಮಗ ಅಂತ ಕಾಗದ ಮಾಡ್ಕೊಳ್ರಿ.

ಸವಳುಹೊಲ_ಮುಧೋಳ:

ಹಂಗ ಮಾಡ್ತೀವ್ರಿ. ಪಂಚಾಯತಿಗೆ ಹೋಗೋದಕ್ಕ ಮೊದಲ ಎರಡು ಟಬ್ ಇಟ್ಟು ನೋಡೋಣು ಅಂತ ಅಪ್ಪ ಅಂದ, ಇವತ್ತ ಮುಂಜಾನೆ ದನದ ಕೊಟ್ಟಿಗಿ ಮ್ಯಾಲ ಇಟ್ಟು ಗಟಾರ ನೀರು ತುಂಬೀನಿ. ಪಿಎಚ್, ಅಂದ್ರ ನೀರಿನ ಹುಳಿ-ಕ್ಷಾರ ಅಳೆಯೋ ಪೆನ್ ಒಂದು ತರಿಸೀನಿ. ದಿನಕ್ಕ ಎಷ್ಟು ಹೊತ್ತಿಗೆ ನೋಡಬೇಕು?

ಹಸಿರುಟಬ್_ಬೆಳಗಾವಿ:

ಎರಡು ಹೊತ್ತು ನೋಡ್ರಿ, ಮುಂಜಾನೆ ಬಿಸಿಲು ಬೀಳೋದಕ್ಕ ಮೊದಲ ಒಮ್ಮೆ, ಮಧ್ಯಾಹ್ನ 3ಕ್ಕ ಒಮ್ಮೆ. ಮುಂಜಾನೆ ಏಳೂವರಿ ಇದ್ದದ್ದು ಮಧ್ಯಾಹ್ನಕ್ಕ ಒಂಬತ್ತು ದಾಟಿತು ಅಂದ್ರ ಪಾಚಿ ಜೋರಾಗಿ ಕಾರ್ಬನ್ ತಿನ್ನಾಕತ್ತೈತಿ ಅಂತ, ಆ ಪಿಎಚ್‌ಗೆ, ಬಿಸಿಲಿಗೆ ರೋಗದ ಬ್ಯಾಕ್ಟೀರಿಯಾನೂ ಸಾಯ್ತಾವ. ಎರಡೂ ಹೊತ್ತು ಒಂದ ನಂಬರ್ ತೋರಿಸಿದ್ರ ಏನೋ ತಪ್ಪೇತಿ, ಬಗ್ಗಿ ಹುಳ ಬಿದ್ದಾವೇನು ನೋಡ್ರಿ. ಟಬ್ಬಿನ ಬಾಯಿಗೆ ಸೊಳ್ಳಿ ಪರದಿ ಕಟ್ಟೋದು ಮರೀಬ್ಯಾಡ್ರಿ, ದಿನಕ್ಕ ಎರಡು ಮೂರು ಸರ್ತಿ ಕೋಲಿಂದ ತಿರುವ್ರಿ.